ಕರಿಕೋಟು ತೊಡುವ ಮೊದಲು ಮಗಳು ಎಲ್ಲಿ ಕಲಿಯಲಿ?

ಹೆಣ್ಣುಮಕ್ಕಳು ಕಾನೂನು ಓದುವುದೆಂದರೆ ನಮ್ಮ ಮನೆಗಳಲ್ಲಿ ಈಗ ಮೊದಲಿನಂತೆ ಹುಬ್ಬೇರಿಸುವ ಸಂಗತಿಯಲ್ಲ. ಪಿ.ಯು.ಸಿ. ಮುಗಿಸಿ ಐದು ವರ್ಷದ ಕೋರ್ಸಿಗೆ ಸೇರುವವರಿದ್ದಾರೆ. ಬಿ.ಎ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ.ಗೆ ಹೋಗುವವರಿದ್ದಾರೆ. ಮದುವೆಯಾಗಿ ಮಗುವಿನ ತಾಯಿಯಾದ ಬಳಿಕ ಮತ್ತೆ ಪುಸ್ತಕ ಹಿಡಿದವರೂ ಉಂಟು. ಶುಲ್ಕ, ಹಾಸ್ಟೆಲ್, ಬಸ್ ಪಾಸ್ ಎಲ್ಲವೂ ಹೇಗೋ ಆಗಿಬಿಡುತ್ತದೆ. ಆದರೆ ಒಂದೆರಡು ವರ್ಷ ಕಳೆದ ಮೇಲೆ ಮಗಳು ಮನೆಗೆ ಒಂದು ಹೊಸ ಪದವನ್ನು ತರುತ್ತಾಳೆ. ಅದು ಇಂಟರ್ನ್‌ಶಿಪ್. ಅದು ಎಲ್ಲಿ, ಯಾರ ಬಳಿ, ಎಷ್ಟು ದಿನ ಎಂಬುದು ತಾಯಿ ತಂದೆಗೆ ತಿಳಿಯದು. ಎಷ್ಟೋ ಸಲ ಮಗಳಿಗೂ ಪೂರ್ತಿ ತಿಳಿದಿರುವುದಿಲ್ಲ.

ಕಾಲೇಜಿನಲ್ಲಿ ಅವಳ ಕಿವಿಗೆ ಬೀಳುವುದು ಬೆಂಗಳೂರು, ಮುಂಬೈ, ದಿಲ್ಲಿಯ ದೊಡ್ಡ ಲಾ ಫರ್ಮ್‌ಗಳ ಹೆಸರುಗಳು. ಕಂಪೆನಿಗಳ ವಿಲೀನ, ತೆರಿಗೆ, ಷೇರು ಮಾರುಕಟ್ಟೆ, ಬೌದ್ಧಿಕ ಆಸ್ತಿ. ಅಲ್ಲಿ ತರಬೇತಿ ಪಡೆದರೆ ಕೈಗೆ ಒಂದಿಷ್ಟು ಭತ್ಯೆ, ಮುಂದೆ ಉತ್ತಮ ಸಂಬಳ. ಅದನ್ನು ನಾನು ಹೀಗಳೆಯುವುದಿಲ್ಲ. ವ್ಯಾಪಾರದ ಕಾನೂನು ಬಲ್ಲವರು ಸಮಾಜಕ್ಕೆ ಬೇಕು, ಅದು ಹಲಾಲಾದ ದುಡಿಮೆಯೇ. ಆದರೆ ಬಂಟ್ವಾಳದಿಂದಲೋ ಸಿಂದಗಿಯಿಂದಲೋ ಬಂದ, ಮನೆಯಲ್ಲಿ ಯಾರೂ ವಕೀಲರಿಲ್ಲದ, ಇಂಗ್ಲಿಷ್ ಮಾತಾಡಲು ಇನ್ನೂ ತಡವರಿಸುವ ಹುಡುಗಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಹತ್ತು ಅರ್ಜಿ ಕಳಿಸುತ್ತಾಳೆ, ಒಂದಕ್ಕೂ ಉತ್ತರ ಬರುವುದಿಲ್ಲ. ಆಮೇಲೆ ಏನಾಗುತ್ತದೆ ಗೊತ್ತೇ? ತಂದೆಯ ಪರಿಚಯದ ವಕೀಲರೊಬ್ಬರ ಕಚೇರಿಗೆ ಹೋಗಿ, ಒಂದು ದಿನವೂ ಕೂರದೆ, ನಾಲ್ಕು ವಾರ ತರಬೇತಿ ಪಡೆದಳೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡು ಬರುತ್ತಾರೆ. ಕಾಲೇಜಿನವರೂ ಅದನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಪದವಿ ಸಿಗುತ್ತದೆ. ವಕಾಲತ್ತುನಾಮೆ ಹೇಗಿರುತ್ತದೆಂದು ಮಾತ್ರ ಆಕೆ ನೋಡಿರುವುದಿಲ್ಲ! ನಮ್ಮ ಊರುಗಳಲ್ಲಿ ಎಲ್‌ಎಲ್.ಬಿ. ಮುಗಿಸಿ, ಸನದು ಪಡೆದು, ಮನೆಯಲ್ಲೇ ಕುಳಿತ ಹೆಣ್ಣುಮಕ್ಕಳನ್ನು ವಿಚಾರಿಸಿ ನೋಡಿ. 'ಕೋರ್ಟಿಗೆ ಹೋಗಲು ಹೆದರಿಕೆ' ಎನ್ನುತ್ತಾರೆ. ಕಾಲೇಜಿನಲ್ಲಿದ್ದಾಗ ಒಂದು ಸಲವೂ ಆ ಮೆಟ್ಟಿಲು ಹತ್ತಿಸದಿದ್ದರೆ ಹೆದರಿಕೆಯಾಗದೆ ಇನ್ನೇನಾದೀತು?

ನಿಯಮ ಏನು ಹೇಳುತ್ತದೆ?

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದ ಕೋರ್ಸಿನವರು 12 ವಾರ ತರಬೇತಿ ಪಡೆಯಬೇಕು. ಯಾವ ವರ್ಷದಲ್ಲೂ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಎಲ್ಲಿ ಮಾಡಬಹುದು ಎಂಬ ಪಟ್ಟಿಯನ್ನು ನೋಡಿದರೆ ನಿಮಗೆ ಸಮಾಧಾನವಾದೀತು. ಸ್ವಯಂಸೇವಾ ಸಂಸ್ಥೆಗಳು, ವಿಚಾರಣಾ ನ್ಯಾಯಾಲಯದ ಹಾಗೂ ಮೇಲ್ಮನವಿ ನ್ಯಾಯಾಲಯದ ವಕೀಲರು, ನಿಯಂತ್ರಣ ಪ್ರಾಧಿಕಾರಗಳು, ಶಾಸನ ಸಭೆ, ಸ್ಥಳೀಯ ಸಂಸ್ಥೆಗಳು, ಇವುಗಳ ಜೊತೆಯಲ್ಲಿ ಲಾ ಫರ್ಮ್ ಮತ್ತು ಕಂಪೆನಿಗಳೂ ಇವೆ, ಅಷ್ಟೇ. ಲಾ ಫರ್ಮ್‌ಗೆ ಹೋಗಲೇಬೇಕೆಂದು ಎಲ್ಲೂ ಇಲ್ಲ. ಕಡ್ಡಾಯವೆಂದು ಹೇಳಿರುವುದು ಒಂದನ್ನೇ: ವ್ಯಾಸಂಗದ ಅವಧಿಯಲ್ಲಿ ಒಮ್ಮೆಯಾದರೂ ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯಗಳ ವಕೀಲರ ಬಳಿ ಕಲಿತಿರಬೇಕು. ಅಂದರೆ ನಿಮ್ಮ ತಾಲೂಕು ಕೇಂದ್ರದ ಹಂಚಿನ ಮಾಡಿನ ಕೋರ್ಟು ಈ ಪಟ್ಟಿಯಲ್ಲಿ ಎರಡನೆಯ ದರ್ಜೆಯ ಜಾಗವೇನೂ ಅಲ್ಲ.

ಇದಲ್ಲದೆ ಕೊನೆಯ ವರ್ಷಗಳಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಮೊಕದ್ದಮೆಯ ವಿಚಾರಣೆಯನ್ನು ಖುದ್ದಾಗಿ ಕಂಡು ಬರೆಯಬೇಕು, ವಕೀಲರ ಕಚೇರಿಯಲ್ಲೋ ಕಾನೂನು ನೆರವು ಕಚೇರಿಯಲ್ಲೋ ಕಕ್ಷಿದಾರರ ಜೊತೆಗಿನ ಎರಡು ಭೇಟಿಗಳನ್ನು ನೋಡಿ ದಿನಚರಿಯಲ್ಲಿ ದಾಖಲಿಸಬೇಕು. ಇವಕ್ಕೆ ಅಂಕಗಳಿವೆ. ಬೇರೆಯವರ ದಿನಚರಿಯನ್ನು ನಕಲು ಮಾಡಿ ಅಂಕ ಗಿಟ್ಟಿಸಬಹುದು, ನಿಜ. ಕಲಿಕೆ ಗಿಟ್ಟದು.

ಮೊದಲು ತಟ್ಟಬೇಕಾದ ಬಾಗಿಲು

ನನ್ನನ್ನು ಕೇಳುವ ವಿದ್ಯಾರ್ಥಿನಿಯರಿಗೆ ನಾನು ಮೊದಲು ಹೇಳುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇದರ ಕಚೇರಿ ಇರುತ್ತದೆ. ತಾಲೂಕಿನಲ್ಲಿ ಸಮಿತಿ ಇರುತ್ತದೆ. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ 39ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. ಅದಕ್ಕಾಗಿ 1987ರಲ್ಲಿ ಕಾಯ್ದೆಯಾಗಿ, 1995ರ ನವೆಂಬರ್ 9ರಿಂದ ಜಾರಿಗೆ ಬಂತು. ಈ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರೆಲ್ಲರೂ ಬರುತ್ತಾರೆ. ಆದಾಯ ಎಷ್ಟೇ ಇರಲಿ, ಹೆಣ್ಣಾಗಿದ್ದರೆ ಸಾಕು, ಉಚಿತ ವಕೀಲರನ್ನು ಕೇಳಬಹುದು. ಓದುಗ ಸಹೋದರಿಯರೇ, ಮನೆಯಲ್ಲಿ ಕಾನೂನು ಓದುವ ಮಗಳಿಲ್ಲದಿದ್ದರೂ ಇಷ್ಟನ್ನು ನೆನಪಿಟ್ಟುಕೊಳ್ಳಿ. ಸಹಾಯವಾಣಿಯ ಸಂಖ್ಯೆ 15100.

ವಿದ್ಯಾರ್ಥಿನಿಗೆ ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಸದಸ್ಯ ಕಾರ್ಯದರ್ಶಿಯವರಿಗೆ ಕಾಲೇಜಿನ ಪತ್ರದೊಂದಿಗೆ ಅರ್ಜಿ ಕೊಟ್ಟು ಇಂಟರ್ನ್‌ಶಿಪ್ ಕೇಳುವುದು. ಈ ಸದಸ್ಯ ಕಾರ್ಯದರ್ಶಿಗಳು ಸ್ವತಃ ನ್ಯಾಯಾಧೀಶರು. ಎರಡನೆಯದು ಅರೆಕಾನೂನು ಸ್ವಯಂಸೇವಕಿಯಾಗುವುದು. ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಗುಂಪಿನವರು ಮುಂತಾದವರ ಜೊತೆ ಕಾನೂನು ವಿದ್ಯಾರ್ಥಿಗಳಿಗೂ ಅವಕಾಶವಿದೆ, ವಕೀಲರಾಗಿ ನೋಂದಾಯಿಸಿಕೊಳ್ಳುವ ತನಕ. ಆಯ್ಕೆಯಾದವರಿಗೆ ತರಬೇತಿ ಕೊಡುತ್ತಾರೆ. ಬಳಿಕ ಅರ್ಜಿ ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುವುದು, ಲೋಕ ಅದಾಲತಿನಲ್ಲಿ ನೆರವಾಗುವುದು, ಠಾಣೆಗೋ ಆಸ್ಪತ್ರೆಗೋ ಹೋಗಬೇಕಾದ ಹೆಣ್ಣುಮಗಳ ಜೊತೆ ಹೋಗುವುದು, ಇಂಥ ಕೆಲಸಗಳು.

2022ರಿಂದ ಇನ್ನೊಂದು ವ್ಯವಸ್ಥೆಯೂ ಬಂದಿದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಬಡ ಆರೋಪಿಗಳ ಪರವಾಗಿ ವಾದಿಸಲು ಜಿಲ್ಲೆಗಳಲ್ಲಿ ಪೂರ್ಣಾವಧಿಯ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ತೆರೆದಿವೆ. ಅಲ್ಲಿ ಕುಳಿತು ನಾಲ್ಕು ವಾರ ಜಾಮೀನು ಅರ್ಜಿಗಳನ್ನು ಬರೆದ ಹುಡುಗಿ ಪುಸ್ತಕದಲ್ಲಿ ಒಂದು ವರ್ಷ ಓದಿದರೂ ಸಿಗದ್ದನ್ನು ಕಲಿಯುತ್ತಾಳೆ. ನಮ್ಮ ದೇಶದ ಜೈಲುಗಳಲ್ಲಿ 2022ರ ಕೊನೆಯಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಜಾಮೀನು ಸಿಕ್ಕಿಯೂ ಜಾಮೀನುದಾರ ಸಿಗದೆ ಒಳಗೇ ಉಳಿದವರೂ ಅವರಲ್ಲಿರುತ್ತಾರೆ. ಹೊರಗೆ ಅವರ ಹೆಂಡತಿ ಮಕ್ಕಳು ಯಾವ ಕಚೇರಿಗೆ ಹೋಗಬೇಕೆಂದು ತಿಳಿಯದೆ ಅಲೆಯುತ್ತಿರುತ್ತಾರೆ.

ಹೆಣ್ಣುಮಗಳ ಮಾತು ಕೇಳಲು ಹೆಣ್ಣುಮಗಳು

ಕುಟುಂಬ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಅರ್ಧ ದಿನ ಕುಳಿತವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಸಹೋದರಿಯರು ತಾಯಿಯನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಬಂದಿರುತ್ತಾರೆ. ವಕೀಲರು ಕೇಳುತ್ತಾರೆ, ಅಣ್ಣ ಉತ್ತರಿಸುತ್ತಾನೆ. ಅವಳ ಬಾಯಿಂದ ಬರಬೇಕಾದ ಮುಖ್ಯವಾದ ಮಾತು ಅಲ್ಲೇ ಉಳಿದುಹೋಗುತ್ತದೆ. ಅರ್ಜಿಯಲ್ಲಿ ಅದು ಬಂದಿರುವುದಿಲ್ಲ. ಎರಡು ವರ್ಷದ ಬಳಿಕ ಪಾಟೀಸವಾಲಿನಲ್ಲಿ ಆಕೆ ಅದನ್ನು ಹೇಳಿದರೆ 'ಅರ್ಜಿಯಲ್ಲಿ ಯಾಕೆ ಬರೆಸಲಿಲ್ಲ?' ಎಂದು ಎದುರು ವಕೀಲರು ಹಿಡಿಯುತ್ತಾರೆ.

ಇದು ಹೊಸ ಸಮಸ್ಯೆಯಲ್ಲ. ಪರದೆಯಲ್ಲಿದ್ದ ಶ್ರೀಮಂತ ಮನೆತನಗಳ ವಿಧವೆಯರು ಗಂಡಸು ವಕೀಲರ ಮುಂದೆ ಬಾರದೆ ಆಸ್ತಿ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1904ರಲ್ಲಿ, ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಕಾರ್ನೆಲಿಯಾ ಸೊರಾಬ್ಜಿಯವರನ್ನು ಇದೇ ಕೆಲಸಕ್ಕಾಗಿ ನೇಮಿಸಿತು. ಆಗ ಮಹಿಳೆಯರಿಗೆ ವಕೀಲಿ ಮಾಡುವ ಅನುಮತಿಯೇ ಇರಲಿಲ್ಲ. ಅದು ಸಿಕ್ಕಿದ್ದು 1923ರ ಕಾಯ್ದೆಯಿಂದ.

ಆದ್ದರಿಂದ ಕುಟುಂಬ ಕಾನೂನಿನಲ್ಲಿ ಕೆಲಸ ಮಾಡುವ ವಕೀಲೆಯೊಬ್ಬರ ಕಚೇರಿ ಬಹಳ ಒಳ್ಳೆಯ ಕಲಿಕೆಯ ಜಾಗ. ಕುಟುಂಬ ನ್ಯಾಯಾಲಯಗಳ 1984ರ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು. ಹಾಗಾಗಿ ಎಷ್ಟೋ ಸಲ ಆಕೆಯೇ ಎದ್ದು ನಿಂತು ಮಾತಾಡಬೇಕಾಗುತ್ತದೆ. ಅದಕ್ಕೆ ಅವಳನ್ನು ತಯಾರು ಮಾಡುವುದು, ಮಹ್ರ್‌ನ ಲೆಕ್ಕ, ನಿಕಾಹ್‌ನಾಮೆ, ಗಂಡನ ಆದಾಯದ ದಾಖಲೆ, ಮಕ್ಕಳ ಶಾಲೆಯ ರಶೀದಿಗಳನ್ನು ಜೋಡಿಸುವುದು ಇಂಟರ್ನ್ ಮಾಡಬಹುದಾದ ಕೆಲಸ. ಒಂದು ಎಚ್ಚರಿಕೆ: ಇಂಥ ಪ್ರಕರಣಗಳನ್ನು ಮುಚ್ಚಿದ ಬಾಗಿಲಿನೊಳಗೆ ನಡೆಸುವುದುಂಟು. ಆಗ ವಿದ್ಯಾರ್ಥಿನಿ ಒಳಗೆ ಕೂರುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ವಿಚಾರಣೆಯೂ ಹಾಗೆಯೇ. ಬೇಸರ ಪಡಬೇಕಾಗಿಲ್ಲ, ಕಚೇರಿಯಲ್ಲಿ ಕಲಿಯುವುದು ಬೇಕಾದಷ್ಟಿದೆ.

ಇಲ್ಲಿ ಮದ್ರಸದಲ್ಲಿ ಓದಿದ ಹುಡುಗಿಯರಿಗೆ ಒಂದು ಅನುಕೂಲವಿದೆ ಎಂದು ನನ್ನ ಅಭಿಪ್ರಾಯ. ತಲಾಕ್, ಖುಲಾ, ಇದ್ದತ್, ವಾರೀಸು ಪಾಲು ಇವು ಅವರಿಗೆ ಕೇಳಿ ತಿಳಿದ ಪದಗಳಲ್ಲ, ಪಾಠ ಓದಿದ ವಿಷಯಗಳು. ಆದರೆ ಅಷ್ಟರಲ್ಲೇ ನಿಂತರೆ ಆಗದು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ, ಶಾಬಾನು ತೀರ್ಪಿನ ಬಳಿಕ ಬಂದ 1986ರ ಕಾಯ್ದೆ, ಅದನ್ನು ವಿವರಿಸಿದ 2001ರ ಡೇನಿಯಲ್ ಲತೀಫಿ ತೀರ್ಪು, 2019ರ ಕಾಯ್ದೆ, ವಿಚ್ಛೇದಿತ ಮುಸ್ಲಿಂ ಮಹಿಳೆ ಸಾಮಾನ್ಯ ದಂಡ ಪ್ರಕ್ರಿಯೆಯಡಿಯೂ ಜೀವನಾಂಶ ಕೇಳಬಹುದೆಂದ 2024ರ ಸುಪ್ರೀಂ ಕೋರ್ಟ್ ತೀರ್ಪು, ಇವೆಲ್ಲ ಒಂದರ ಮೇಲೊಂದು ಕುಳಿತಿವೆ. ಹಳೆಯ 125ನೇ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ಎದುರಿಗೆ ಕುಳಿತ ಸಹೋದರಿಗೆ ಇವುಗಳಲ್ಲಿ ಯಾವ ದಾರಿ ಸರಿ ಎಂದು ಹೇಳಬಲ್ಲವಳು ಎರಡೂ ಕಡೆ ತಿಳಿದವಳೇ ಆಗಿರಬೇಕು. ಅಂಥವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯ ಕೆಲಸವನ್ನು ನೋಡಬೇಕೆಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಅವರೇ ಸಂರಕ್ಷಣಾಧಿಕಾರಿಗಳು. ದೂರು ಬಂದಾಗ ಕೌಟುಂಬಿಕ ಘಟನಾ ವರದಿಯನ್ನು ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಅವರ ಹೊಣೆ. ಜಿಲ್ಲಾ ಕೇಂದ್ರದ 'ಸಖಿ' ಕೇಂದ್ರದಲ್ಲೂ ಕಾನೂನು ಸಲಹೆಯ ಕೆಲಸ ನಡೆಯುತ್ತದೆ. ಇಲ್ಲಿ ಬ್ಯಾರಿ, ಉರ್ದು, ತುಳು ಬಲ್ಲ ಹುಡುಗಿಯ ಅಗತ್ಯ ಎಷ್ಟೆಂದು ಅಲ್ಲಿನ ಆಪ್ತ ಸಮಾಲೋಚಕಿಯರನ್ನೇ ಕೇಳಿ. ದುಃಖವನ್ನು ಜನ ಮನೆಮಾತಿನಲ್ಲೇ ಹೇಳಿಕೊಳ್ಳುವುದು.

ಇನ್ನೂ ಕೆಲವು ಜಾಗಗಳು

ವಕ್ಫ್ ನ್ಯಾಯಮಂಡಳಿಯ ಪ್ರಕರಣಗಳನ್ನು ನಡೆಸುವ ವಕೀಲರ ಬಳಿ ಕಲಿಯುವ ವಿದ್ಯಾರ್ಥಿಗಳು ಬಹಳ ಕಡಿಮೆ. 1995ರ ಕಾಯ್ದೆಗೆ 2025ರಲ್ಲಿ ದೊಡ್ಡ ತಿದ್ದುಪಡಿ ಬಂತು. ಅದರ ಕೆಲವು ಅಂಶಗಳಿಗೆ ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಧ್ಯಂತರ ತಡೆ ನೀಡಿತು. ಈ ಬಗ್ಗೆ ಸಭೆಗಳಲ್ಲಿ ಭಾಷಣ ಮಾಡುವವರಿಗೆ ಕೊರತೆಯಿಲ್ಲ. ಹಳೆಯ ವಕ್ಫ್ ಪತ್ರವನ್ನು ಓದಿ, ಸರ್ವೆ ನಂಬರಿನೊಂದಿಗೆ ಹೊಂದಿಸಿ ನೋಡಬಲ್ಲವರು ಬೇಕಾಗಿದ್ದಾರೆ. ಬೀದರ್, ಕಲಬುರಗಿ, ರಾಯಚೂರು ಕಡೆ ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಅಲ್ಲಿ ಉರ್ದು ಬಲ್ಲ ಕಾನೂನು ವಿದ್ಯಾರ್ಥಿನಿಗೆ ಭೂಮಿ ವ್ಯಾಜ್ಯದ ವಕೀಲರು ಖಂಡಿತ ಕುರ್ಚಿ ಕೊಡುತ್ತಾರೆ.

ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ತಾಯಂದಿರ ಭವಿಷ್ಯನಿಧಿ, ಗ್ರಾಚ್ಯುಟಿಯ ಸಮಸ್ಯೆಗಳು ಇಂದು ನಿನ್ನೆಯವಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಹಳೆಯ ವಕೀಲರೂ ಹೊಸದಾಗಿ ಓದಬೇಕಾಗಿದೆ. ಕಾರ್ಮಿಕ ಕಾನೂನಿನ ವಕೀಲರ ಬಳಿ ಸೇರಲು ಇದು ಒಳ್ಳೆಯ ಕಾಲ. ತಾಯಿಯ ಬೀಡಿ ದುಡ್ಡಿನಲ್ಲಿ ಓದುತ್ತಿರುವ ಹುಡುಗಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನಾವುದಿದೆ?

ಬೆಂಗಳೂರಿನಲ್ಲಿ ಉಳಿಯುವ ವ್ಯವಸ್ಥೆ ಇದ್ದರೆ ದಾರಿ ಇನ್ನೂ ಅಗಲವಾಗುತ್ತದೆ. 2000ದಲ್ಲಿ ಆರಂಭವಾದ ಆಲ್ಟರ್ನೇಟಿವ್ ಲಾ ಫೋರಂ, ನ್ಯಾಯಾಲಯಗಳ ಬಾಕಿ ಪ್ರಕರಣಗಳ ಅಧ್ಯಯನ ನಡೆಸುವ ದಕ್ಷ್ ಸಂಸ್ಥೆ, ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರ, ರಾಜ್ಯ ಮಾನವ ಹಕ್ಕುಗಳ ಆಯೋಗ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವೆಲ್ಲ ಅಲ್ಲಿವೆ. ಹೈಕೋರ್ಟ್ ಎಂದರೆ ಬೆಂಗಳೂರೇ ಆಗಬೇಕೆಂದಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ದಿಲ್ಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಬೇಸಿಗೆ ಮತ್ತು ಚಳಿಗಾಲದ ರಜೆಯಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಮುಂಬೈಯಲ್ಲಿ ಫ್ಲೇವಿಯಾ ಆಗ್ನೆಸ್‌ರು ಕಟ್ಟಿದ ಮಜ್ಲಿಸ್ ಮಹಿಳೆಯರ ಪ್ರಕರಣಗಳನ್ನು ನಡೆಸುತ್ತಾ ಬಂದಿದೆ.

ಅರ್ಜಿ ಹೇಗೆ ಬರೆಯಬೇಕು?

ಪುಟಗಟ್ಟಲೆ ಬೇಡ. ಯಾವ ಕಾಲೇಜು, ಯಾವ ವರ್ಷ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ವಿಷಯದಲ್ಲಿ ಆಸಕ್ತಿ, ಯಾವ ಭಾಷೆಗಳು ಬರುತ್ತವೆ, ಇಷ್ಟು ಸಾಕು. ಒಂದೇ ಪತ್ರವನ್ನು ಐವತ್ತು ಕಡೆಗೆ ಕಳಿಸಿದರೆ ಓದುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಆ ಕಚೇರಿಯವರು ಮಾಡುವ ಒಂದು ಕೆಲಸವನ್ನು ಹೆಸರಿಸಿ, ಅದನ್ನು ಯಾಕೆ ಕಲಿಯಬೇಕೆಂದು ಎರಡು ವಾಕ್ಯ ಬರೆಯಲಿ. ಹತ್ತು ದಿನ ಉತ್ತರ ಬಾರದಿದ್ದರೆ ನೆನಪಿಸಲಿ. ಜಿಲ್ಲಾ ಮಟ್ಟದ ವಕೀಲರು ಇ-ಮೇಲ್ ನೋಡುವುದು ಕಡಿಮೆ, ಸಂಜೆ ಕಚೇರಿಗೆ ತಾಯಿಯೋ ತಂದೆಯೋ ಜೊತೆಗೆ ಹೋಗಿ ಕೇಳುವುದೇ ಫಲಕಾರಿ. ಆದರೆ ಮಾತಾಡುವುದು ಮಗಳೇ ಆಗಿರಲಿ! ಮೊದಲ ಭೇಟಿಯಲ್ಲೇ ತಂದೆ ಮಾತಾಡಿದರೆ ವಕೀಲರು ಮುಂದೆಯೂ ತಂದೆಯೊಡನೆಯೇ ಮಾತಾಡುತ್ತಾರೆ.

ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಮೂರು ಕಚೇರಿಗಳಲ್ಲಿ 'ಜಾಗವಿಲ್ಲ' ಎನಿಸಿಕೊಂಡು, ನಾಲ್ಕನೆಯ ಕಡೆ ಬರೀ ಕಡತಗಳಿಗೆ ದಾರ ಕಟ್ಟುವ ಕೆಲಸಕ್ಕೆ ಕುಳಿತಳು. ಎರಡು ವಾರ ಅದನ್ನೇ ಮಾಡಿದಳು. ಕಟ್ಟುವಾಗ ಓದಿದಳು. ಮೂರನೆಯ ವಾರ ವಕೀಲರು ಒಂದು ಪ್ರಕರಣದ ಹಿಂದಿನ ವಾಯಿದೆ ಯಾವಾಗ ಎಂದು ಗುಮಾಸ್ತರನ್ನು ಕೇಳಿದಾಗ ಇವಳು ಹೇಳಿದಳು. ಅಂದಿನಿಂದ ನೋಟೀಸುಗಳ ಕರಡು ಅವಳ ಮೇಜಿಗೆ ಬಂತು.

ಕೆಲಸದಲ್ಲಿ ಅಮಾನತಿನ ವಿಷಯವೂ ಇದೆ. ಕಕ್ಷಿದಾರರು ವಕೀಲರಿಗೆ ಹೇಳಿದ ಮಾತನ್ನು ಗುಟ್ಟಾಗಿಡುವ ಬಾಧ್ಯತೆಯನ್ನು ಸಾಕ್ಷ್ಯ ಕಾನೂನು ವಕೀಲರ ಗುಮಾಸ್ತರು, ನೌಕರರ ಮೇಲೂ ಹೊರಿಸಿದೆ. ಇಂಟರ್ನ್ ಕೂಡ ಹಾಗೆಯೇ ನಡೆದುಕೊಳ್ಳಬೇಕು. ಕೇಸಿನ ಕಾಗದದ ಫೋಟೊ ವಾಟ್ಸಾಪಿನಲ್ಲಿ ಹಾಕುವುದು, ಪಕ್ಕದ ಓಣಿಯ ಹೆಂಗಸಿನ ವಿಚ್ಛೇದನದ ಸುದ್ದಿಯನ್ನು ಮನೆಯಲ್ಲಿ ಹೇಳುವುದು ಸಲ್ಲದು. ತಾಯಂದಿರೇ, ನೀವೂ ಕೆದಕಿ ಕೇಳಬೇಡಿ.

ಮನೆಯವರ ಚಿಂತೆಗಳು

ಸುರಕ್ಷತೆಯ ಬಗ್ಗೆ ಚಿಂತಿಸುವುದು ತಪ್ಪಲ್ಲ. ಕಚೇರಿಯಲ್ಲಿ ಬೇರೆ ಮಹಿಳೆಯರು ಇದ್ದಾರೆಯೇ, ಸಂಜೆ ಎಷ್ಟು ಗಂಟೆಯವರೆಗೆ ಕೂರಬೇಕು ಎಂದು ಮೊದಲೇ ವಿಚಾರಿಸಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ರಕ್ಷಣೆ ತರಬೇತಿಗೆ ಬಂದವರಿಗೂ ಇದೆ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಸಣ್ಣ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಉಡುಪಿನ ಪ್ರಶ್ನೆಯನ್ನೂ ಕೆಲವರು ಕೇಳುತ್ತಾರೆ. ಶಿರವಸ್ತ್ರ ಧರಿಸಿ ಹಾಜರಾಗುವ ವಕೀಲೆಯರನ್ನು ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಕಾಣಬಹುದು.

ಇನ್ನು ಹಣ. ಇದನ್ನು ಮುಚ್ಚಿಡುವುದು ಸರಿಯಲ್ಲ. ಮೇಲೆ ಹೇಳಿದ ಕಡೆಗಳಲ್ಲಿ ಹೆಚ್ಚಿನವು ಏನೂ ಕೊಡುವುದಿಲ್ಲ, ಬಸ್ಸಿನ ಖರ್ಚು ನಮ್ಮದೇ. ಹಾಗಾಗಿ ಊರಿನ ಹತ್ತಿರದ ಜಾಗವೇ ಜಾಣತನ. ಪದವಿ ಮುಗಿಸಿ ನೋಂದಾಯಿಸಿಕೊಂಡ ಬಳಿಕ ತರಬೇತಿ ಪಡೆಯುವ ಕಾನೂನು ಪದವೀಧರರಿಗೆ ರಾಜ್ಯದ ಅಲ್ಪಸಂಖ್ಯಾತರ ಇಲಾಖೆ ಶಿಷ್ಯವೇತನದ ಯೋಜನೆಯನ್ನು ನಡೆಸುತ್ತಾ ಬಂದಿದೆ. ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ಷರತ್ತುಗಳನ್ನು ಕೇಳಿ ಅರ್ಜಿ ಹಾಕಿ. ಮಸೀದಿಯ ಜಮಾಅತಿನವರು ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಡುವ ನೆರವಿನ ಪಟ್ಟಿಯಲ್ಲಿ ಕಾನೂನು ವಿದ್ಯಾರ್ಥಿನಿಯ ಬಸ್ ಖರ್ಚನ್ನೂ ಸೇರಿಸಿದರೆ ಏನು ನಷ್ಟ?

'ಕೆಳಗಿನ ಕೋರ್ಟಿನಲ್ಲಿ ಕಲಿತು ಎಲ್ಲಿಗೆ ಮುಟ್ಟುತ್ತಾಳೆ?' ಎಂದು ಕೇಳುವವರಿಗೆ ಫಾತಿಮಾ ಬೀವಿಯವರ ಹೆಸರನ್ನು ಹೇಳಿ. 1950ರಲ್ಲಿ ವಕೀಲರಾಗಿ ಕೊಲ್ಲಂನ ಕೆಳ ನ್ಯಾಯಾಲಯದಲ್ಲಿ ವೃತ್ತಿ ಆರಂಭಿಸಿ, 1958ರಲ್ಲಿ ಮುನ್ಸೀಫರಾಗಿ, 1983ರಲ್ಲಿ ಕೇರಳ ಹೈಕೋರ್ಟಿಗೂ 1989ರಲ್ಲಿ ಸುಪ್ರೀಂ ಕೋರ್ಟಿಗೂ ಏರಿದರು. ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಾಧೀಶರು ಅವರೇ. 2023ರಲ್ಲಿ ನಿಧನರಾದರು. ಅಂದ ಹಾಗೆ, ನ್ಯಾಯಾಧೀಶೆಯಾಗುವ ಕನಸಿರುವವರು ಇನ್ನೊಂದನ್ನು ತಿಳಿಯಬೇಕು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಹಿರಿಯ ವಕೀಲರೊಬ್ಬರ ಕಚೇರಿಯ ಪರಿಚಯವನ್ನು ಓದುವಾಗಲೇ ಬೆಳೆಸಿಕೊಂಡವಳಿಗೆ ಆ ವರ್ಷಗಳನ್ನು ಎಲ್ಲಿ ಕಳೆಯುವುದೆಂಬ ಪ್ರಶ್ನೆ ಬರುವುದಿಲ್ಲ.

ಕೊನೆಗೆ, ತಾರೀಖುಗಳ ವಿಷಯ. ಕಾಲೇಜಿಗೆ ಮೇ ತಿಂಗಳಲ್ಲಿ ರಜೆಯೆಂದು ಎಲ್ಲರೂ ಆಗಲೇ ತರಬೇತಿ ಕೇಳುತ್ತಾರೆ. ಆದರೆ ಹೈಕೋರ್ಟಿಗೂ ಸಿವಿಲ್ ನ್ಯಾಯಾಲಯಗಳಿಗೂ ಬೇಸಿಗೆ ರಜೆ ಇರುವುದು ಆಗಲೇ! ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು ನಡೆಯುತ್ತಿರುತ್ತವೆ. ಆದ್ದರಿಂದ ಮೇ ತಿಂಗಳಿಗೆ ಕ್ರಿಮಿನಲ್ ವಕೀಲರನ್ನೋ, ಕಾನೂನು ಸೇವಾ ಪ್ರಾಧಿಕಾರವನ್ನೋ, ಆಯೋಗಗಳನ್ನೋ ಕೇಳುವುದು ಒಳ್ಳೆಯದು. ಸಿವಿಲ್ ಮತ್ತು ಕುಟುಂಬ ಪ್ರಕರಣಗಳನ್ನು ಸೆಮಿಸ್ಟರ್ ಪರೀಕ್ಷೆ ಮುಗಿದ ನಂತರದ ಇನ್ನೊಂದು ಬಿಡುವಿಗೆ ಇಟ್ಟುಕೊಳ್ಳಿ. ಅರ್ಜಿಯನ್ನು ಎರಡು ತಿಂಗಳು ಮುಂಚೆಯೇ ಕೊಡಿ. ಮೊದಲ ದಿನ ಕಾಲೇಜಿನ ಪತ್ರ, ಗುರುತಿನ ಚೀಟಿ, ಒಂದು ದಪ್ಪ ನೋಟುಪುಸ್ತಕ ಮತ್ತು ಮಧ್ಯಾಹ್ನದ ಬುತ್ತಿ ಜೊತೆಗಿರಲಿ. ಕೋರ್ಟಿನ ಕ್ಯಾಂಟೀನಿನಲ್ಲಿ ಎರಡು ಗಂಟೆಗೆ ಕಾಲಿಡಲೂ ಜಾಗವಿರುವುದಿಲ್ಲ.